ತೀರ್ಮಾನ ಒಬ್ಬರದು, ಪಾಡು ಇನ್ನೊಬ್ಬರದು: ಉಲ್ರಿಚ್ ಬೆಕ್ ವಿಚಾರ ಕುರಿತು ಓದುಗರ ಪ್ರಶ್ನೆಗಳು

ಜರ್ಮನಿಯ ಸಮಾಜಶಾಸ್ತ್ರಜ್ಞ ಉಲ್ರಿಚ್ ಬೆಕ್ (1944–2015) 1986ರ ‘ರಿಸ್ಕ್ ಸಮಾಜ’ ಪುಸ್ತಕದಲ್ಲಿ ಇಂದಿನ ಸಮಾಜಕ್ಕೆ ಅದೇ ಹೆಸರಿಟ್ಟವರು. ಅವರ ವಿಚಾರಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿದ್ದೇವೆ. ಸಮಾಜಶಾಸ್ತ್ರ ಮತ್ತು ಪರಿಸರ ಕಾನೂನು ಕಲಿಸುವವರು ಉತ್ತರ ಬರೆದಿದ್ದಾರೆ.

ಪ್ರಶ್ನೆ: ಬೆಕ್ ತಮ್ಮ ಹೆಸರಾಂತ ಪುಸ್ತಕವನ್ನು ಚೆರ್ನೋಬಿಲ್ ದುರಂತ ನೋಡಿ ಬರೆದರು ಎಂದು ತರಗತಿಯಲ್ಲಿ ಕೇಳಿದೆ. ನಿಜವೇ?
– ಬಿ.ಎ. ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಅಲ್ಲ. ಚೆರ್ನೋಬಿಲ್ ಅಣುಸ್ಥಾವರ ಸಿಡಿದದ್ದು 1986ರ ಏಪ್ರಿಲ್ 26ರಂದು. ಅಷ್ಟು ಹೊತ್ತಿಗೆ ಪುಸ್ತಕದ ಹಸ್ತಪ್ರತಿ ಮುಗಿದಿತ್ತು. ಆಗ ಬವೇರಿಯಾದ ಬಾಂಬೆರ್ಗ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಬೆಕ್, ಮೇ ತಿಂಗಳಲ್ಲಿ ಒಂದು ಸಣ್ಣ ಮುನ್ನುಡಿ ಬರೆದು ಮುಂದೆ ಸೇರಿಸಿದರು, ಅಷ್ಟೆ. ಆದರೆ ಪುಸ್ತಕ ಹೇಳುತ್ತಿದ್ದುದು ಏನು ಎಂಬುದನ್ನು ಜರ್ಮನಿಯ ಜನ ಆ ಮೇ ತಿಂಗಳಲ್ಲಿ ತಮ್ಮ ಅಡುಗೆಮನೆಯಲ್ಲೇ ಕಂಡರು.

ಚೆರ್ನೋಬಿಲ್‌ನಿಂದ ತೇಲಿಬಂದ ಮೋಡ ಏಪ್ರಿಲ್ ಕೊನೆಗೆ ದಕ್ಷಿಣ ಜರ್ಮನಿಯ ಮೇಲೆ ಮಳೆಯಾಗಿ ಸುರಿಯಿತು. ಆ ಹುಲ್ಲನ್ನು ಮೇಯ್ದ ಹಸುಗಳ ಹಾಲಿಗೆ ಅಯೋಡಿನ್-131 ಎಂಬ ವಿಕಿರಣ ವಸ್ತು ಇಳಿಯಿತು. ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, 8 ದಿನ. ಅಷ್ಟು ದಿನದಲ್ಲೇ ಅದು ಮಕ್ಕಳ ಥೈರಾಯ್ಡ್ ಗ್ರಂಥಿಯಲ್ಲಿ ಸೇರಿಕೊಂಡು ಕೇಡು ಮಾಡಬಲ್ಲದು. ಹಾಗಾದರೆ ಎಷ್ಟು ವಿಕಿರಣ ಇರುವ ಹಾಲನ್ನು ಮಾರಬಹುದು? ಕೇಂದ್ರದ ವಿಕಿರಣ ರಕ್ಷಣಾ ಆಯೋಗ ಲೀಟರಿಗೆ 500 ಬೆಕೆರೆಲ್ (ವಿಕಿರಣ ವಸ್ತುವಿನ ಅಳತೆಯ ಮಾನ) ತನಕ ಆಗಬಹುದು ಎಂದಿತು. ಹೆಸ್ಸೆ ರಾಜ್ಯ ಸರ್ಕಾರ 20 ಎಂದಿತು. ಅದೇ ದೇಶ, ಅದೇ ವಾರ, ಅದೇ ಬಗೆಯ ಹಾಲು; ಗಡಿ ದಾಟಿದರೆ ಮಿತಿ 25 ಪಟ್ಟು ಬೇರೆ. ಹಾಲು ನೋಡಲು ಬಿಳಿಯೇ, ರುಚಿಯೂ ಅದೇ. ಕಣ್ಣು, ಮೂಗು, ನಾಲಿಗೆ ಯಾವುದೂ ನೆರವಿಗೆ ಬರಲಿಲ್ಲ. ಮಗುವಿಗೆ ಹಾಲು ಕೊಡಬೇಕೋ ಬೇಡವೋ ಎಂದು ತಿಳಿಯಲು ತಾಯಿ ತಜ್ಞರ ಬಾಯಿ ನೋಡಬೇಕಾಯಿತು, ಆ ತಜ್ಞರಲ್ಲೇ ಒಮ್ಮತ ಇರಲಿಲ್ಲ. ಬೆಕ್ ವಿವರಿಸಿದ್ದು ಇಂಥ ಸ್ಥಿತಿಯನ್ನೇ. ಸಮಾಜಶಾಸ್ತ್ರದ ಒಂದು ದಪ್ಪ ಪುಸ್ತಕ ಐದು ವರ್ಷದಲ್ಲಿ ಸುಮಾರು 60,000 ಪ್ರತಿ ಮಾರಾಟವಾದದ್ದಕ್ಕೆ ಕಾರಣ ಇದು.

ಪ್ರಶ್ನೆ: ‘ರಿಸ್ಕ್’ ಎಂಬುದಕ್ಕೆ ಕನ್ನಡದಲ್ಲಿ ‘ಅಪಾಯ’ ಎಂದರೆ ಸಾಲದೇ? ಅನುವಾದ ಮಾಡುವಾಗ ಈ ಪದ ತೊಡಕಾಗಿದೆ.
– ಅನುವಾದಕಿ, ಮೈಸೂರು

ಉತ್ತರ: ಸಾಲದು. ದಿನದ ಮಾತಿನಲ್ಲೇ ಇದಕ್ಕೆ ಸುಳುಹು ಇದೆ. ‘ಗಂಡಾಂತರ ಬಂತು’ ಎನ್ನುತ್ತೇವೆ, ‘ರಿಸ್ಕ್ ತಗೊಂಡೆ’ ಎನ್ನುತ್ತೇವೆ. ಗಂಡಾಂತರವನ್ನು ಯಾರೂ ‘ತಗೊಳ್ಳುವುದಿಲ್ಲ’. ಹಳೆಯ ಕಾಲದ ಬರ, ನೆರೆ, ಪ್ಲೇಗು ಜನರಿಗೆ ಬಂದೊದಗಿದವು. ಜನ ದೈವವನ್ನೋ ಗ್ರಹಗತಿಯನ್ನೋ ದೂರಿದರು. ಅಣುಸ್ಥಾವರ, ಕೀಟನಾಶಕ, ಹೊಸ ರಾಸಾಯನಿಕ ಹಾಗಲ್ಲ. ಅವುಗಳ ಹಿಂದೆ ಯಾರೋ ಮಾಡಿದ ಲೆಕ್ಕ, ಯಾರೋ ಹಾಕಿದ ಸಹಿ ಇರುತ್ತದೆ. ಬೆಕ್ ಅವರ ಮಾತಿನ ಬುಡವೇ ಈ ‘ತೀರ್ಮಾನ’. ‘ಅಪಾಯ’ ಎಂದು ಬರೆದ ಕೂಡಲೇ ಆ ಸಹಿ ಮಾಯವಾಗುತ್ತದೆ.

ಅದೇ ಕಾಲದ ಇನ್ನೊಬ್ಬ ಜರ್ಮನ್ ಚಿಂತಕ ನಿಕ್ಲಾಸ್ ಲೂಮನ್ ಇದನ್ನು ಇನ್ನೂ ಹರಿತವಾಗಿ ಬಿಡಿಸಿದರು. ತೀರ್ಮಾನ ಮಾಡುವವನಿಗೆ ಅದು ರಿಸ್ಕ್, ಅದರ ಫಲ ಉಣ್ಣುವವನಿಗೆ ಅದೇ ಗಂಡಾಂತರ. ಕಾರ್ಖಾನೆ ಕಟ್ಟುವ ಧಣಿಯದು ರಿಸ್ಕ್, ಬೇಲಿ ಪಕ್ಕದ ಗುಡಿಸಲಿನವರದು ಗಂಡಾಂತರ. ನಿಮ್ಮ ಅನುವಾದದಲ್ಲಿ ‘ರಿಸ್ಕ್’ ಪದವನ್ನು ಹಾಗೇ ಇಟ್ಟುಕೊಳ್ಳಿ, ಜನರ ಬಾಯಲ್ಲಿ ಅದು ಕನ್ನಡವೇ ಆಗಿದೆ. ಘಟನೆ ನಡೆದುಹೋದ ಮೇಲಿನದಕ್ಕೆ ‘ದುರಂತ’ ಬಳಸಿ, ಏಕೆಂದರೆ ಬೆಕ್ ರಿಸ್ಕ್ ಅನ್ನುವುದು ಇನ್ನೂ ನಡೆಯದ ದುರಂತದ ನಿರೀಕ್ಷೆಯನ್ನು. ಇನ್ನೊಂದು ಎಚ್ಚರಿಕೆ: ಅವರ ‘ರಿಫ್ಲೆಕ್ಸಿವ್ ಆಧುನಿಕತೆ’ಯನ್ನು ‘ಆತ್ಮಾವಲೋಕನದ ಆಧುನಿಕತೆ’ ಎಂದು ಅನುವಾದಿಸಿದರೆ ದಾರಿ ತಪ್ಪುತ್ತದೆ. ಕೂತು ಯೋಚಿಸುವುದು ಅಲ್ಲಿ ಎರಡನೆಯ ಮಾತು. ಆಧುನಿಕತೆ ತಾನೇ ಹುಟ್ಟಿಸಿದ ಅಡ್ಡಪರಿಣಾಮ ಅದಕ್ಕೇ ತಿರುಗಿ ಬಂದು ಬಡಿಯುತ್ತದೆ ಎಂಬುದು ಮೊದಲನೆಯದು. ‘ತನಗೆ ತಾನೇ ಎದುರಾದ ಆಧುನಿಕತೆ’ ಎಂದರೆ ಹತ್ತಿರ ಬರುತ್ತದೆ.

ಪ್ರಶ್ನೆ: ಬಡತನಕ್ಕೆ ಮೇಲು–ಕೆಳಗಿದೆ, ಹೊಗೆಗೆ ಇಲ್ಲ, ಅದು ಎಲ್ಲರ ಮೂಗಿಗೂ ಒಂದೇ ಎಂಬ ಅರ್ಥದ ಮಾತನ್ನು ಬೆಕ್ ಬರೆದಿದ್ದಾರೆ. ಭಾರತದಲ್ಲಿ ಕೂತು ಇದನ್ನು ಒಪ್ಪುವುದು ಹೇಗೆ? ಹೊಗೆ ಮೊದಲು ಹೋಗುವುದು ಬಡವರ ಮನೆಗೇ ಅಲ್ಲವೇ?
– ಪ್ರೌಢಶಾಲಾ ಶಿಕ್ಷಕ, ರಾಯಚೂರು

ಉತ್ತರ: ನಿಮ್ಮ ಆಕ್ಷೇಪ ಸರಿ, ಬೆಕ್ ಅವರನ್ನು ಅತಿ ಹೆಚ್ಚು ಟೀಕಿಸಿದ್ದೂ ಈ ಸಾಲಿಗಾಗಿಯೇ. ಆದರೆ ಅದೇ ಪುಸ್ತಕದಲ್ಲಿ, ಕಡುಬಡತನಕ್ಕೂ ಕಡುರಿಸ್ಕಿಗೂ ಒಂದು ಸೆಳೆತ ಇದೆ ಎಂದು ಅವರೇ ಬರೆದಿದ್ದಾರೆ. ಅದಕ್ಕೆ ಕೊಟ್ಟ ಉದಾಹರಣೆಗಳಲ್ಲಿ ಭೋಪಾಲ ಒಂದು.

ಭೋಪಾಲವನ್ನೇ ನೋಡಿ. 1984ರ ಡಿಸೆಂಬರ್ 2–3ರ ರಾತ್ರಿ ಅಲ್ಲಿನ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯ 610ನೇ ಸಂಖ್ಯೆಯ ಟ್ಯಾಂಕಿಗೆ ನೀರು ಸೇರಿ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಅನಿಲವಾಗಿ ಹೊರಬಂತು. ಅದನ್ನು ತಣ್ಣಗಿಡಬೇಕಿದ್ದ ಶೀತಲಯಂತ್ರ ನಿಂತಿತ್ತು. ಸೋರಿದ ಅನಿಲವನ್ನು ಸುಡಬೇಕಿದ್ದ ಗೋಪುರ ದುರಸ್ತಿಯಲ್ಲಿತ್ತು. ಮೊದಲು ಸತ್ತವರು ಕಾರ್ಖಾನೆಯ ಎದುರಿನ ಕೊಳೆಗೇರಿಯವರು. ಅಲ್ಲಿ ಹೊಗೆ ಎಲ್ಲರ ಮೂಗಿಗೂ ಒಂದೇ ಆಗಿರಲಿಲ್ಲ. 1989ರಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. ಕಂಪನಿಯ ಹೊಣೆ ಎಷ್ಟು ಎಂದು ವಿಚಾರಣೆಯಲ್ಲಿ ತೀರ್ಮಾನವಾಗುವ ಮೊದಲೇ ಹಣದ ಲೆಕ್ಕ ಮುಗಿಯಿತು. 2010ರಲ್ಲಿ ಏಳು ಮಂದಿ ಮಾಜಿ ಅಧಿಕಾರಿಗಳಿಗೆ ಆದ ಶಿಕ್ಷೆ ಎರಡು ವರ್ಷ. ಅಮೆರಿಕದ ಮಾತೃಸಂಸ್ಥೆ, ಭಾರತದ ಅಂಗಸಂಸ್ಥೆ, ಪರವಾನಗಿ ಕೊಟ್ಟ ಇಲಾಖೆ, ಕಾರ್ಖಾನೆಯ ಸುತ್ತ ಜನವಸತಿಯನ್ನು ಬೆಳೆಯಗೊಟ್ಟ ಆಡಳಿತ: ಎಲ್ಲರ ಕೈಯೂ ಸ್ವಲ್ಪ ಸ್ವಲ್ಪ ಇತ್ತು, ಪೂರ್ತಿ ಹೊಣೆ ಯಾರ ತಲೆಗೂ ಬರಲಿಲ್ಲ. ಇದಕ್ಕೆ ಬೆಕ್ ಇಟ್ಟ ಹೆಸರು ‘ಸಂಘಟಿತ ಹೊಣೆಗೇಡಿತನ’. ಪ್ರತಿಯೊಬ್ಬರೂ ನಿಯಮದ ಪ್ರಕಾರವೇ ನಡೆದಿರುತ್ತಾರೆ, ಆದರೂ ಸಾವಿರಾರು ಜನ ಸಾಯುತ್ತಾರೆ. ಅವರ ಎಲ್ಲ ಪರಿಕಲ್ಪನೆಗಳಲ್ಲಿ ನಮ್ಮ ದೇಶಕ್ಕೆ ಅತಿ ಹೆಚ್ಚು ಕೆಲಸಕ್ಕೆ ಬರುವುದು ಇದು ಎಂದು ನಾವು ನಂಬುತ್ತೇವೆ. ಆ ನಿವೇಶನದಲ್ಲಿ ಉಳಿದಿದ್ದ 337 ಟನ್ ವಿಷತ್ಯಾಜ್ಯವನ್ನು 2025ರ ಜನವರಿಯಲ್ಲಿ ಅದೇ ರಾಜ್ಯದ ಪೀಥಂಪುರಕ್ಕೆ ಸಾಗಿಸಿದಾಗ ಅಲ್ಲಿನ ಜನ ಬೀದಿಗಿಳಿದರು. ನಾಲ್ಕು ದಶಕ ಕಳೆದರೂ ರಿಸ್ಕ್ ತೀರಿರಲಿಲ್ಲ, ಊರು ಬದಲಾಗಿತ್ತು.

ಹಾಗಾದರೆ ಆ ಸಾಲು ಪೂರಾ ಸುಳ್ಳೇ? ಬೆಕ್ ಹೇಳಹೊರಟಿದ್ದು ‘ಬೂಮರಾಂಗ್’ ಪರಿಣಾಮವನ್ನು. ಕೀಟನಾಶಕ ಮಾರಿದ ದೇಶಕ್ಕೆ ಅದೇ ವಿಷ ಹಣ್ಣು, ಚಹಾದೊಳಗೆ ಕೂತು ವಾಪಸು ಬರುತ್ತದೆ. ದುಡ್ಡಿದ್ದವನು ಹೊಗೆಯಿಂದ ಬಹುಕಾಲ ತಪ್ಪಿಸಿಕೊಳ್ಳಬಹುದು, ಕಡೆತನಕ ಆಗುವುದಿಲ್ಲ. ಆದರೆ ಆ ‘ಬಹುಕಾಲ’ದಲ್ಲಿ ಬಡವರ ಒಂದು ತಲೆಮಾರೇ ಮುಗಿದಿರುತ್ತದೆ. ಮನೆಯೊಳಗೆ ಗಾಳಿ ಶುದ್ಧಿ ಯಂತ್ರ ಇಟ್ಟುಕೊಳ್ಳಬಲ್ಲವನಿಗೂ ರಸ್ತೆ ಬದಿ ಇಡೀ ದಿನ ಕೂತು ಮಾರುವವಳಿಗೂ ಇರುವ ಅಂತರವನ್ನು ಅವರು ಹಗುರಾಗಿ ತೂಗಿದರು. ತರಗತಿಯಲ್ಲಿ ಈ ಸಾಲನ್ನು ಕಲಿಸುವಾಗ ಭೋಪಾಲದ ಭಾಗವನ್ನೂ ಜೊತೆಗಿಟ್ಟು ಓದಿಸಿ.

ಪ್ರಶ್ನೆ: ಇದೆಲ್ಲ ವಿದ್ವಾಂಸರ ಚರ್ಚೆ. ಈ ವಿಚಾರ ಎಲ್ಲಾದರೂ ಕಾನೂನಿಗೆ ಇಳಿದಿದೆಯೇ?
– ವಕೀಲ, ಬೆಳಗಾವಿ

ಉತ್ತರ: ಬೆಕ್ ಹೇಳಿದರೆಂದು ಕಾನೂನು ಬರಲಿಲ್ಲ. ಕೇಡು ಸಾಬೀತಾಗುವ ಮೊದಲೇ ಎಚ್ಚರ ವಹಿಸಬೇಕೆಂಬ ತತ್ವ ಜರ್ಮನಿಯ ಕಾನೂನಿನಲ್ಲಿ 1970ರ ದಶಕದಲ್ಲೇ ಇತ್ತು. ಆದರೆ ಪುರಾವೆ ತರುವ ಹೊರೆ ಯಾರ ಹೆಗಲ ಮೇಲಿದೆ ಎಂಬ ಪ್ರಶ್ನೆಯನ್ನು ವಾದದ ನಡುವಿಗೆ ತಂದವರಲ್ಲಿ ಅವರು ಮುಖ್ಯರು. 2007ರ ಜೂನ್ 1ರಂದು ಜಾರಿಗೆ ಬಂದ ಯುರೋಪಿಯನ್ ಒಕ್ಕೂಟದ ‘ರೀಚ್’ ನಿಯಮ ಈ ಹೊರೆಯನ್ನು ತಿರುಗಿಸಿತು. ವರ್ಷಕ್ಕೆ 1 ಟನ್ ಅಥವಾ ಹೆಚ್ಚು ರಾಸಾಯನಿಕ ತಯಾರಿಸುವವರು, ಆಮದು ಮಾಡುವವರು ಅದರ ಮಾಹಿತಿ ಕೊಟ್ಟು ನೋಂದಾಯಿಸಬೇಕು. 10 ಟನ್ ತಲುಪಿದರೆ ಸುರಕ್ಷತಾ ವರದಿಯನ್ನೂ ಕೊಡಬೇಕು. ಮಾಹಿತಿ ಇಲ್ಲದಿದ್ದರೆ ಮಾರುಕಟ್ಟೆಯೂ ಇಲ್ಲ.

ನಮ್ಮಲ್ಲಿ ದಾರಿ ಬೇರೆ. ದೆಹಲಿಯ ಓಲಿಯಂ ಅನಿಲ ಸೋರಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1986ರ ಡಿಸೆಂಬರ್‌ನಲ್ಲಿ ‘ಸಂಪೂರ್ಣ ಹೊಣೆ’ ತತ್ವವನ್ನು ನೆಟ್ಟಿತು. ಅಪಾಯಕಾರಿ ಉದ್ಯಮ ನಡೆಸುವವರು ಎಷ್ಟೇ ಎಚ್ಚರ ವಹಿಸಿದ್ದರೂ ಆದ ಹಾನಿಗೆ ಹೊಣೆ. ಉದ್ಯಮ ದೊಡ್ಡದಿದ್ದಷ್ಟೂ ಪರಿಹಾರ ದೊಡ್ಡದು. ಬೆಕ್ ಅವರ ಪುಸ್ತಕ ಬಂದ ವರ್ಷವೇ, ಅದರ ಸಂಪರ್ಕವಿಲ್ಲದೆ, ಭೋಪಾಲದ ನೆರಳಿನಲ್ಲಿ ಬಂದ ಈ ತೀರ್ಪು ‘ಸಂಘಟಿತ ಹೊಣೆಗೇಡಿತನ’ಕ್ಕೆ ಕೊಟ್ಟ ನೇರ ಉತ್ತರದಂತಿದೆ. ಆದರೆ ತತ್ವ ದೊಡ್ಡದಾದರೂ ಮೊತ್ತ ಸಣ್ಣದೇ ಆಯಿತು. 1991ರ ಸಾರ್ವಜನಿಕ ಹೊಣೆ ವಿಮೆ ಕಾಯ್ದೆಯ ಮೂಲ ಪಟ್ಟಿಯಲ್ಲಿ ಒಂದು ಸಾವಿಗೆ ತಕ್ಷಣದ ಪರಿಹಾರ ₹25,000.

ವಿಮೆಯ ಮಾತು ಬಂದಾಗ ಬೆಕ್ ಅವರ ಒಂದು ಸರಳ ಪರೀಕ್ಷೆಯನ್ನು ಹೇಳಬೇಕು. ಒಂದು ತಂತ್ರಜ್ಞಾನ ಸುರಕ್ಷಿತ ಎಂದು ಎಂಜಿನಿಯರ್ ಹೇಳಿದರೆ, ಅದಕ್ಕೆ ಖಾಸಗಿ ವಿಮಾ ಕಂಪನಿ ಪೂರ್ತಿ ವಿಮೆ ಕೊಡುತ್ತದೆಯೇ ಎಂದು ಕೇಳಿ. ಅಣುವಿದ್ಯುತ್ತಿನಲ್ಲಿ ಎಲ್ಲ ಕಡೆ ಉತ್ತರ ಒಂದೇ: ಒಂದು ಮಿತಿಯ ತನಕ ಮಾತ್ರ. ಜರ್ಮನಿಯಲ್ಲಿ ಕಾಗದದ ಮೇಲೆ ಸ್ಥಾವರದ ಹೊಣೆಗೆ ಮಿತಿ ಇಲ್ಲ, ಆದರೆ 2002ರ ನಂತರ ಹಣ ತೋರಿಸಬೇಕಾದದ್ದು 250 ಕೋಟಿ ಯೂರೋ ತನಕ. ಭಾರತದ 2010ರ ಅಣು ಹೊಣೆ ಕಾಯ್ದೆ ಸ್ಥಾವರ ನಡೆಸುವವರ ಮಿತಿಯನ್ನು ₹1,500 ಕೋಟಿಗೆ ನಿಲ್ಲಿಸಿತ್ತು. ಆ ಮಿತಿಯ ಆಚೆಗಿನ ಹಾನಿ ಕಡೆಗೆ ಬಂದು ಬೀಳುವುದು ಸರ್ಕಾರದ ಮೇಲೆ, ಇಲ್ಲವೇ ಸಂತ್ರಸ್ತರ ಮೇಲೆ.

ಪ್ರಶ್ನೆ: ನಮ್ಮ ತಾಲ್ಲೂಕಿನ ಕೈಗಾರಿಕಾ ಪ್ರದೇಶದ ಪಕ್ಕದ ಎರಡು ಹಳ್ಳಿಗಳ ಮೇಲೆ ಬೆಕ್ ಸಿದ್ಧಾಂತ ಬಳಸಿ ಕಿರುಪ್ರಬಂಧ ಬರೆಯಬೇಕು. ಐದು ತಿಂಗಳ ಸಮಯ ಇದೆ. ಎಲ್ಲಿಂದ ಶುರು ಮಾಡಲಿ?
– ಎಂ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮೊದಲ ವಾರವೇ ಮಾಹಿತಿ ಹಕ್ಕು ಅರ್ಜಿ ಹಾಕಿ, ಓದು ಆಮೇಲೆ. ಉತ್ತರಕ್ಕೆ 30 ದಿನ, ಮೇಲ್ಮನವಿ ಆದರೆ ಇನ್ನೊಂದು ತಿಂಗಳು ಹೋಗುತ್ತದೆ. ಮೂರನೇ ತಿಂಗಳಲ್ಲಿ ಅರ್ಜಿ ಹಾಕಿದವರು ಬರಿಗೈಯಲ್ಲಿ ಪ್ರಬಂಧ ಸಲ್ಲಿಸಬೇಕಾಗುತ್ತದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸುಮಾರು 150 ಪದದೊಳಗೆ, ಶುಲ್ಕ ₹10. ಆದ್ದರಿಂದ ಬೇರೆ ಬೇರೆ ಅರ್ಜಿ ಮಾಡಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಕಾರ್ಖಾನೆಗಳ ಸಮ್ಮತಿ ಪತ್ರ ಮತ್ತು ಕಳೆದ ಮೂರು ವರ್ಷದ ನೀರು, ಗಾಳಿ ಪರೀಕ್ಷೆಯ ವರದಿ ಕೇಳಿ. ಪರಿಸರ ಸಾರ್ವಜನಿಕ ಆಲಿಕೆ ನಡೆದಿದ್ದರೆ ಅದರ ನಡಾವಳಿ ಮತ್ತು ವಿಡಿಯೊ ಕೇಳಿ. ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆಯಂತೆ ಆಲಿಕೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಕೊಡಬೇಕು, ಸಾರಾಂಶ ವರದಿ ಸ್ಥಳೀಯ ಭಾಷೆಯಲ್ಲಿರಬೇಕು; ಆದರೆ ಇಷ್ಟು ಜನ ಬಂದಿರಲೇಬೇಕು ಎಂಬ ಕೋರಂ ಇಲ್ಲ. ದೊಡ್ಡ ಪ್ರಮಾಣದಲ್ಲಿ ಅಪಾಯಕಾರಿ ರಾಸಾಯನಿಕ ಇಡುವ ಘಟಕ ಇದ್ದರೆ ಜಿಲ್ಲಾಡಳಿತದಿಂದ ಹೊರಾವರಣ ತುರ್ತು ಯೋಜನೆಯನ್ನೂ (ಅವಘಡ ಕಾರ್ಖಾನೆ ಬೇಲಿಯಾಚೆ ಹರಡಿದರೆ ಏನು ಮಾಡಬೇಕೆಂಬ ಯೋಜನೆ) ಅಣಕು ತಾಲೀಮಿನ ದಾಖಲೆಯನ್ನೂ ಕೇಳಿ. ಅಪಾಯಕಾರಿ ರಾಸಾಯನಿಕಗಳ ಕುರಿತ 1989ರ ನಿಯಮದಂತೆ ವರ್ಷಕ್ಕೊಮ್ಮೆ ಆ ತಾಲೀಮು ನಡೆಯಬೇಕು. ಆಮೇಲೆ ಹಳ್ಳಿಗೆ ಹೋಗಿ, ಸೈರನ್ ಕೂಗಿದರೆ ಯಾವ ದಿಕ್ಕಿಗೆ ಓಡಬೇಕೆಂದು ಗೊತ್ತೇ ಎಂದು ಕೇಳಿ. ಕಾಗದಕ್ಕೂ ಊರಿಗೂ ಇರುವ ದೂರವೇ ನಿಮ್ಮ ಒಂದು ಅಧ್ಯಾಯ.

ಪುಸ್ತಕದಲ್ಲಿ ಎಂಟು ಅಧ್ಯಾಯ. ನಿಮಗೆ ಬೇಕಾದದ್ದು 1, 2, ಆಮೇಲೆ 7 ಮತ್ತು 8. ಇವುಗಳ ಜೊತೆಗೆ ಅವರು ನಂತರ ಬೆಳೆಸಿದ ‘ವ್ಯಾಖ್ಯಾನದ ಸಂಬಂಧಗಳು’ ಎಂಬ ಪರಿಕಲ್ಪನೆಯನ್ನು ಹಿಡಿದುಕೊಳ್ಳಿ. ಅದು ನಾಲ್ಕು ಪ್ರಶ್ನೆ ಕೇಳುತ್ತದೆ: ಯಾವುದು ಹಾನಿಕರ ಎಂದು ತೀರ್ಮಾನಿಸುವವರು ಯಾರು? ಕಾರಣ ಮತ್ತು ಪ್ರಮಾಣದ ಬಗ್ಗೆ ಇರುವ ತಿಳಿವಳಿಕೆ ಎಂಥದು, ತಿಳಿಯದೇ ಉಳಿದದ್ದು ಏನು? ಎಷ್ಟು ಪುರಾವೆ ಸಾಕು, ಅದನ್ನು ಯಾರು ತರಬೇಕು? ಪರಿಹಾರವನ್ನು ಯಾರು ನಿರ್ಧರಿಸುತ್ತಾರೆ? ಕ್ಷೇತ್ರಕಾರ್ಯಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಬೆಕ್ ಅವರ ಬರಹದಲ್ಲಿ ಇಲ್ಲ. ನಮ್ಮ ಕಡೆಯದೇ ನೆಲದ ಉದಾಹರಣೆ ಬೇಕಿದ್ದರೆ ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಎಂಡೋಸಲ್ಫಾನ್ ಪ್ರಕರಣ ಓದಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಕೀಟನಾಶಕಕ್ಕೂ ಕೆಳಗಿನ ಮನೆಗಳ ಮಕ್ಕಳ ಅಂಗವೈಕಲ್ಯಕ್ಕೂ ನಂಟಿದೆ ಎಂದು ತೋರಿಸುವ ಹೊರೆ ವರ್ಷಗಟ್ಟಲೆ ಆ ಮನೆಯವರ ಮೇಲೇ ಇತ್ತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಮಧ್ಯಂತರ ನಿಷೇಧ ಹೇರುವಷ್ಟರಲ್ಲಿ ಆ ಮಕ್ಕಳಲ್ಲಿ ಹಲವರು ವಯಸ್ಕರಾಗಿದ್ದರು.

ಸಂದರ್ಶನಕ್ಕೆ 25–30 ಮನೆ ಸಾಕು, ಆದರೆ ಆಯ್ಕೆ ಸರಿ ಇರಲಿ. ಕಾರ್ಖಾನೆ ಬೇಲಿಯಿಂದ ಇರುವ ದೂರ, ಜಾತಿ, ಜಮೀನು, ಮನೆಯಲ್ಲಿ ಯಾರಿಗಾದರೂ ಅಲ್ಲೇ ಗುತ್ತಿಗೆ ಕೆಲಸ ಇದೆಯೇ ಎಂಬುದು – ಈ ನಾಲ್ಕನ್ನೂ ಬರೆದಿಟ್ಟುಕೊಳ್ಳಿ. ಕೊನೆಯದನ್ನು ಬಿಟ್ಟರೆ ಪ್ರಬಂಧ ಕೆಡುತ್ತದೆ. ಮಗನ ಸಂಬಳ ಅದೇ ಗೇಟಿನಿಂದ ಬರುವ ಮನೆಯಲ್ಲಿ ‘ಏನೂ ತೊಂದರೆ ಇಲ್ಲ’ ಎಂಬ ಉತ್ತರಕ್ಕೆ ಬೇರೆ ಅರ್ಥ ಇರುತ್ತದೆ. ‘ನಿಮಗೆ ಭಯ ಇದೆಯಾ?’ ಎಂದು ಕೇಳಬೇಡಿ. ಭಯವನ್ನು ನೀವೇ ಬಾಯಿಗಿಟ್ಟಂತೆ ಆಗುತ್ತದೆ. ಬಾವಿ ನೀರು ಕುಡಿಯುವುದನ್ನು ಯಾವ ವರ್ಷ ಬಿಟ್ಟಿರಿ, ಈಗ ಕ್ಯಾನಿಗೆ ಎಷ್ಟು ಕೊಡುತ್ತೀರಿ, ದನಕ್ಕೆ ಯಾವ ನೀರು ಕುಡಿಸುತ್ತೀರಿ ಎಂದು ಕೇಳಿ.

ನೀರಿನ ಪರೀಕ್ಷೆ ಮಾಡಿಸುವುದಾದರೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೇ ಕಳಿಸಿ, ವರದಿಯಲ್ಲಿನ ಮಿತಿಯನ್ನು ನೋಡಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಕರಗಿದ ಘನವಸ್ತುವಿಗೆ ಲೀಟರಿಗೆ 500 ಮಿಲಿಗ್ರಾಂ ಸ್ವೀಕಾರಾರ್ಹ. ಬೇರೆ ನೀರಿನ ಮೂಲ ಇಲ್ಲದಿದ್ದರೆ 2,000 ತನಕ ನಡೆಯುತ್ತದೆ. ಮೂಲ ಇಲ್ಲದವರಿಗೆ ಮಿತಿ ನಾಲ್ಕು ಪಟ್ಟು ಸಡಿಲ. 1986ರ ಹಾಲಿನ ಎರಡು ಮಿತಿಗಳ ಪಕ್ಕದಲ್ಲಿ ಇದನ್ನಿಟ್ಟು ಬರೆಯಿರಿ.

ಪ್ರಶ್ನೆ: ಕುಟುಂಬ, ಮದುವೆ, ನೌಕರಿ ಬಗ್ಗೆಯೂ ಬೆಕ್ ಬರೆದಿದ್ದಾರಂತೆ. ಅದಕ್ಕೂ ವಿಕಿರಣಕ್ಕೂ ಏನು ನಂಟು?
– ಓದುಗರು, ಬೆಂಗಳೂರು

ಉತ್ತರ: ಪುಸ್ತಕದ ಎರಡನೇ ಭಾಗ ಪೂರ್ತಿ ಅದೇ. ಪತ್ನಿ ಎಲಿಜಬೆತ್ ಬೆಕ್-ಗೆರ್ನ್ಸ್‌ಹೈಮ್ ಜೊತೆ 1990ರಲ್ಲಿ ಪ್ರೀತಿ–ದಾಂಪತ್ಯದ ಮೇಲೆ ಇನ್ನೊಂದು ಪುಸ್ತಕವನ್ನೂ ಬರೆದರು. ಬದುಕಿಡೀ ಒಂದೇ ನೌಕರಿ, ಕಾರ್ಮಿಕ ಸಂಘ, ಕೂಡುಕುಟುಂಬ ಹೊತ್ತಿದ್ದ ಭಾರ ಈಗ ಒಬ್ಬೊಬ್ಬರ ಹೆಗಲಿಗೆ ಬಂದಿದೆ. ಕೆಲಸ ಹೋದರೆ ಅದು ಕಾಲದ ತಪ್ಪಲ್ಲ, ನನ್ನ ತಪ್ಪು ಎಂದು ಮನುಷ್ಯ ನಂಬುತ್ತಾನೆ. ನಂಟು ಇಷ್ಟೇ: ಹಾಲಿನ ಮಿತಿ ಓದಿ ತೀರ್ಮಾನಿಸಬೇಕಾದವಳೂ ಒಂಟಿ, ಗುತ್ತಿಗೆ ನವೀಕರಣಕ್ಕೆ ಕಾಯುವವನೂ ಒಂಟಿ.

ಪ್ರಶ್ನೆ: ಜರ್ಮನಿ ಅಣುವಿದ್ಯುತ್ ಬಿಟ್ಟದ್ದರಲ್ಲಿ ಬೆಕ್ ಕೈವಾಡ ಇತ್ತೇ? ಅದು ಸರಿಯಾದ ತೀರ್ಮಾನವೇ?
– ನಿವೃತ್ತ ಎಂಜಿನಿಯರ್, ಕಾರವಾರ

ಉತ್ತರ: 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಾದ ದುರಂತದ ನಂತರ ಚಾನ್ಸಲರ್ ಏಂಜೆಲಾ ಮರ್ಕೆಲ್ ನೇಮಿಸಿದ ನೈತಿಕ ಆಯೋಗದಲ್ಲಿ ಬೆಕ್ ಸದಸ್ಯರಾಗಿದ್ದರು. ಸ್ಥಾವರಗಳ ತಾಂತ್ರಿಕ ಗಟ್ಟಿತನವನ್ನು ಬೇರೆ ತಜ್ಞರ ಆಯೋಗ ಪರಿಶೀಲಿಸಿತು. ಇಂಥ ರಿಸ್ಕ್ ಸಮಾಜಕ್ಕೆ ಬೇಕೇ ಎಂದು ಕೇಳಿದ್ದು ಚರ್ಚಿನವರು, ಉದ್ಯಮಿಗಳು, ಸಮಾಜಶಾಸ್ತ್ರಜ್ಞರು ಕೂತಿದ್ದ ಈ ಆಯೋಗ. ಸುರಕ್ಷತೆಯ ಕೊನೆಯ ಮಾತು ಎಂಜಿನಿಯರರದೊಂದೇ ಅಲ್ಲ ಎಂಬ ಬೆಕ್ ವಾದ ಸರ್ಕಾರದ ರಚನೆಯಾಗಿಯೇ ಕಂಡ ಅಪರೂಪದ ಸಂದರ್ಭ ಅದು. ಹತ್ತು ವರ್ಷದೊಳಗೆ ಬಿಡಬಹುದು ಎಂದು ಮೇ 30ರಂದು ವರದಿ ಬಂತು. 17 ರಿಯಾಕ್ಟರುಗಳಲ್ಲಿ 8 ಮತ್ತೆ ತೆರೆಯಲೇ ಇಲ್ಲ, ಕೊನೆಯ ಮೂರು 2023ರ ಏಪ್ರಿಲ್ 15ರಂದು ನಿಂತವು.

ಸರಿಯೇ ಎಂದರೆ, ಯಾರು ತೀರ್ಮಾನಿಸಬೇಕು ಎಂಬುದರಲ್ಲಿ ಬೆಕ್ ಬಲವಾಗಿದ್ದಾರೆ, ಎರಡು ರಿಸ್ಕ್‌ಗಳನ್ನು ತಕ್ಕಡಿಯಲ್ಲಿಟ್ಟು ತೂಗುವುದರಲ್ಲಿ ದುರ್ಬಲ. ಅಣುಸ್ಥಾವರ ಮುಚ್ಚಿದ ವರ್ಷಗಳಲ್ಲೂ ಕಲ್ಲಿದ್ದಲು ಉರಿಯುತ್ತಲೇ ಇತ್ತು. ಅದರ ಹೊಗೆಯಿಂದ ಆಗುವ ಸಾವು ಒಂದೇ ದಿನ ಸುದ್ದಿಯಾಗುವಂಥದ್ದಲ್ಲ, ಆದರೆ ಸಾವೇ. ಕಲ್ಲಿದ್ದಲನ್ನು ಮೊದಲು ಬಿಟ್ಟು ಅಣುವನ್ನು ಆಮೇಲೆ ಬಿಡಬೇಕಿತ್ತು ಎಂಬ ಟೀಕೆಯಲ್ಲಿ ಹುರುಳಿದೆ.

ಪ್ರಶ್ನೆ: ನಾವು ಮ್ಯೂನಿಕ್ ಹತ್ತಿರ ಇದ್ದೇವೆ. ಕಾಡಿನ ಅಣಬೆ ಕೀಳಲು ಇಲ್ಲಿಯವರ ಜೊತೆ ಹೋಗುತ್ತೇವೆ. ಚೆರ್ನೋಬಿಲ್ ವಿಕಿರಣ ಇನ್ನೂ ಇದೆ ಎನ್ನುತ್ತಾರೆ. ಮಕ್ಕಳಿಗೆ ಕೊಡಬಹುದೇ?
– ಓದುಗರು, ಬವೇರಿಯಾ, ಜರ್ಮನಿ

ಉತ್ತರ: ಇದೆ. ಅಯೋಡಿನ್ ಆ ಬೇಸಿಗೆಯಲ್ಲೇ ಕರಗಿತು, ಉಳಿದದ್ದು ಸೀಸಿಯಂ-137. ಅದರ ಅರ್ಧಾಯುಷ್ಯ ಸುಮಾರು 30 ವರ್ಷ. 1986ರಲ್ಲಿ ಬಿದ್ದದ್ದು ಅರ್ಧಕ್ಕೆ ಇಳಿದದ್ದೇ 2016ರ ಸುಮಾರಿಗೆ. ಹೊಲದ ಜೇಡಿಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದ ತರಕಾರಿಯಲ್ಲಿ ಭಯವಿಲ್ಲ. ಕಾಡಿನ ಕೊಳೆತ ಎಲೆಯ ಪದರದಲ್ಲಿ ಮಾತ್ರ ಅದು ಸುತ್ತುತ್ತಲೇ ಇರುತ್ತದೆ. ಅಣಬೆ ಹೀರುತ್ತದೆ, ನೆಲದಡಿಯ ಅಣಬೆಯನ್ನು ಅಗೆದು ತಿನ್ನುವ ಕಾಡುಹಂದಿಯಲ್ಲಿ ಇನ್ನೂ ಹೆಚ್ಚು ಸೇರುತ್ತದೆ.

ಅಂಗಡಿಯಲ್ಲಿ ಮಾರುವುದಕ್ಕೆ ಕಿಲೋಗೆ 600 ಬೆಕೆರೆಲ್ ಮಿತಿ ಇದೆ. ನೀವೇ ಕಿತ್ತು ತಿನ್ನುವುದಕ್ಕೆ ಆ ಮಿತಿ ಅನ್ವಯಿಸುವುದಿಲ್ಲ, ತೀರ್ಮಾನ ನಿಮ್ಮದೇ. ಲೆಕ್ಕ ಹೀಗಿದೆ: 600 ಬೆಕೆರೆಲ್ ಮಟ್ಟದ ಅಣಬೆಯನ್ನು ದೊಡ್ಡವರು 200 ಗ್ರಾಂ ತಿಂದರೆ ಸಿಗುವ ಪ್ರಮಾಣ ಸುಮಾರು 0.0016 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ). ಜರ್ಮನಿಯಲ್ಲಿ ಒಬ್ಬರಿಗೆ ನೈಸರ್ಗಿಕವಾಗಿ ವರ್ಷಕ್ಕೆ ಸಿಗುವುದು ಸರಾಸರಿ 2.1 ಮಿಲಿಸೀವರ್ಟ್. ಎಂದೋ ಒಮ್ಮೆ ತಿಂದರೆ ಚಿಂತೆ ಬೇಡ. ವಾರವಾರವೂ ಬೇಡ, ಮಕ್ಕಳಿಗೂ ಗರ್ಭಿಣಿಯರಿಗೂ ಇನ್ನೂ ಕಡಿಮೆ ಇರಲಿ. ಕಂದು ಟೋಪಿಯ ‘ಮರೋನೆನ್‌ರೋರ್‌ಲಿಂಗ್’ ಮತ್ತು ಟೋಪಿಯಡಿ ಮುಳ್ಳಿನಂಥ ಎಳೆಯಿರುವ ‘ಜೆಮ್ಮೆಲ್‌ಷ್ಟೊಪ್ಪೆಲ್‌ಪಿಲ್ಟ್ಸ್’ ಸೀಸಿಯಂ ಹೆಚ್ಚು ಹೀರುವ ಜಾತಿಗಳು, ಅವನ್ನು ಬಿಡಿ. ಹಳದಿ ‘ಫಿಫರ್‌ಲಿಂಗ್’ನಲ್ಲಿ ಸಾಮಾನ್ಯವಾಗಿ ಕಡಿಮೆ. ಅಣಬೆ ಬೇಯಿಸಿದ ನೀರನ್ನು ಚೆಲ್ಲಿದರೆ ಸೀಸಿಯಂನ ಒಂದು ಪಾಲು ಅದರೊಂದಿಗೆ ಹೋಗುತ್ತದೆ. ಇದೆಲ್ಲಕ್ಕಿಂತ ಮೊದಲು ಅಣಬೆಯನ್ನು ಗುರುತು ಬಲ್ಲವರಿಗೆ ತೋರಿಸಿ. ತಪ್ಪಾಗಿ ಕಿತ್ತ ವಿಷದ ಅಣಬೆ ಒಂದೇ ಊಟಕ್ಕೆ ಪ್ರಾಣ ತೆಗೆಯಬಲ್ಲದು.